ಓಗೊಡದ ಸತು

ಗೋಕಾಕದಿಂದ ಹುಕ್ಕೇರಿಯವರೆಗೆ ಕುರಿಯ ವಿಷಯದಲ್ಲಿ ಕೊನೆಯ ಮಾತು ಈ ಬೀರಸಿದ್ದಪ್ಪನದು. ಕಣಗಲಾ ಹತ್ತಿರದ ಹೆದ್ದಾರಿಯಲ್ಲಿ ಒಮ್ಮೆ ನಾನು ಸಿಳ್ಳೆ ಹಾಕಿದ್ದಕ್ಕೆ ಪುಣೆಗೆ ಹೊರಟಿದ್ದ ನಲವತ್ತು ಲಾರಿ ನಿಂತು, ಒಳಗಿನ ಕುರಿಗಳೆಲ್ಲ ಇಳಿದು ನನ್ನ ಹಿಂದೆ ಬಂದವು. ಬೇಕಾದರೆ ಲಾರಿಗಳನ್ನೇ ಕೇಳಿ. ಇಂಥ ನನ್ನನ್ನು ಅಕ್ಕನ ಮಗಳು ಅನ್ನಪೂರ್ಣಾ, ಕುಲಗೋಡದ ನಮ್ಮ ಮನೆಯ ಕಟ್ಟೆಯ ಮೇಲೆ ಕುರಿಗಳ್ಳನಂತೆ ಕೂರಿಸಿ, ಮುಂಜಾನೆಯಿಂದ ಒಂದೇ ಪ್ರಶ್ನೆ ಕೇಳುತ್ತಿದ್ದಳು.

"ಮಾವಾ, ಆ ರಕ್ತಾ ಯಾವುದರಾಗ ತಂದಿದ್ರಿ?"

ಹುಡುಗಿ ಪಿಎಚ್‌ಡಿ ಮಾಡುತ್ತಾಳೆ. ನಾನು ತಂದುಕೊಟ್ಟ ಕುರಿಯ ರಕ್ತದಿಂದ ಒಂದು ಪ್ರೋಟೀನು ತೆಗೆದು, ಅದನ್ನು ಕಲ್ಲುಸಕ್ಕರೆಯಂತೆ ಹರಳುಗಟ್ಟಿಸಿ, ಎಕ್ಸ್‌ರೇ ಹಾಯಿಸಿ, ಒಳಗೆ ಯಾವುದು ಎಲ್ಲಿ ಕೂತಿದೆ ಎಂದು ನೋಡುವ ಕೆಲಸ. ಆ ಪ್ರೋಟೀನಿನ ನಟ್ಟನಡುವೆ ಲೋಹದ ಒಂದೇ ಒಂದು ಕಣವಿರುತ್ತದಂತೆ. ಅದು ಸತು ಎಂದು ಈಕೆ ಬರೆದಿದ್ದಳು. ಪರೀಕ್ಷಕರು ಬಿಡಬೇಕಲ್ಲ! ಸತುವೂ ತಾಮ್ರವೂ ಸಾದಾ ಎಕ್ಸ್‌ರೇಗೆ ಅವಳಿ ಮರಿಗಳಿದ್ದಂತೆ, ಗುರುತು ಹತ್ತುವುದಿಲ್ಲ, ಸಾಬೀತು ಮಾಡು ಎಂದರು.

ಅದಕ್ಕೆ ಉಪಾಯ ಹೇಳಿದವನೂ ನಾನೇ ಎಂದಿಟ್ಟುಕೊಳ್ಳಿ. ಎರಡು ಹಿಂಡು ಬೆರೆತರೆ ಕುರುಬ ತನ್ನ ಕೂಗು ಹಾಕುತ್ತಾನೆ. ಅವನ ಕುರಿ ಮಾತ್ರ ತಲೆ ಎತ್ತುತ್ತದೆ. ದೂರದೂರಿನಲ್ಲಿ ಒಂದು ಯಂತ್ರವಿದೆ, ಗೋಕಾಕ ಫಾಲ್ಸನ್ನೇ ಒಳಗೆ ಬಚ್ಚಿಡುವಷ್ಟು ದೊಡ್ಡದು. ಅಲ್ಲಿ ಎಕ್ಸ್‌ರೇಯ ಶಕ್ತಿಯನ್ನು ರೇಡಿಯೋ ತಿರುವಿದಂತೆ ತಿರುವಬಹುದು. ಸತುವಿನ ಮಟ್ಟಕ್ಕೆ ತಂದರೆ ಸತು ಓಗೊಡುತ್ತದೆ, ತಾಮ್ರದ ಮಟ್ಟಕ್ಕೆ ತಂದರೆ ತಾಮ್ರ. ಆರು ತಿಂಗಳು ಕಾದು ಅನ್ನಪೂರ್ಣಾ ಅಲ್ಲಿ ಒಂದು ದಿನ ಪಡೆದಳು. ಸತುವನ್ನು ಕರೆದಳು. ಸದ್ದಿಲ್ಲ. ತಾಮ್ರವನ್ನು ಕರೆದಳು. ಇಗೋ ಇದ್ದೇನೆ ಎಂದಿತು!

ಆ ಯಂತ್ರದಲ್ಲಿ ಇನ್ನೊಂದೇ ಸರದಿ ಸಿಕ್ಕಿದೆ, ಇಂದಿನಿಂದ ಒಂದು ತಿಂಗಳಿಗೆ. ತಾಮ್ರ ಕುರಿಯದೇ ಆಗಿದ್ದರೆ ನಾಲ್ಕು ವರ್ಷದ ಬರಹ ಅಳಿಸಬೇಕು. ಹೊರಗಿನಿಂದ ಸೇರಿದ್ದಾದರೆ ಹೊಸ ರಕ್ತ, ಹೊಸ ಹರಳು. ಎರಡನ್ನೂ ಮಾಡುವಷ್ಟು ಸಮಯವಿಲ್ಲ.

"ಲ್ಯಾಬಿನಾಗ ನೀರು, ಉಪ್ಪು, ಬಾಟ್ಲಿ ಎಲ್ಲಾ ನೋಡೇನ್ರಿ. ಎಲ್ಲೂ ತಾಮ್ರಿಲ್ಲ. ಉಳಿದಾವ್ರು ನೀವೊಬ್ರ."

"ಅಂಥಾ ರಕ್ತಾ ಜಗತ್ತಿನಾಗ ಯಾರೂ ತಂದಿಲ್ಲವ್ವಾ. ಮೂಡಲಗಿ ಮಟನ್ ಅಂಗಡಿಯಿಂದ ಗೋಕಾಕ ಬಸ್ ಸ್ಟ್ಯಾಂಡಿಗೆ ಹನ್ನೊಂದ ಮಿನಿಟ್! ಗಾಡಿ ನೆಲಾ ಮುಟ್ಟಿದ್ದು ಕಲ್ಲೋಳ್ಯಾಗ ಒಂದ ಸಲಾ."

"ಮಾವಾ."

"ಬರ್ಫ ಅಂತೂ ಸೀದಾ ಹಿಮಾಲಯದ್ದು..."

"ಮಾವಾ! ನಾ ಕೊಟ್ಟ ಸ್ಟೀಲ್ ಕ್ಯಾನಿನಾಗ ತಂದ್ರ್ಯೋ ಇಲ್ಲೋ?"

ಅವಳ ಕಣ್ಣು ಕೆಂಪಗಾಗಿದ್ದವು. ನಾನು ಒಳಗೆ ಇಣುಕಿದೆ. ಹೆಂಡತಿ ಸತ್ತೆವ್ವ ರೊಟ್ಟಿ ಬಡಿಯುತ್ತಿದ್ದಳು. ದನಿ ಇಳಿಸಿದೆ.

"ಅವತ್ತ ನಿಮ್ಮ ಅತ್ತಿ ಕ್ಯಾನಿನಾಗ ಡೇರಿಗೆ ಹಾಲು ಹಾಕಿ ಕಳಿಸಿದ್ಲು. ಅದು ವಾಪಸ್ ಬರೂಮಟಾ ರಕ್ತಾ ತಾಮ್ರದ ಕೊಡಪಾನದಾಗ ಇಟ್ಟಿದ್ದೆ. ಎರಡ ತಾಸು, ಆಮ್ಯಾಲ ಕ್ಯಾನಿಗೆ ಸುರಿದೆ. ಸ್ವಚ್ಛ ಇರ್ಲಿ ಅಂತ ಮೊದಲ ಕೊಡಪಾನಕ್ಕ ಹುಣಸಿಹಣ್ಣು ಹಚ್ಚಿ ತಿಕ್ಕಿದ್ದೆ. ತೊಳಿಯೂದು ಪೂರಾ ಆಗಿರ್ಲಿಲ್ಲ."

ಅವಳು ಹಣೆ ಬಡಿದುಕೊಂಡಳು. "ಸಾಕ್ರಿ! ಆಗ ಹನ್ನೊಂದು ಮಿನಿಟ್ ಅಂದ್ರಿ, ಈಗ ಎರಡು ತಾಸು. ನಾ ತಾಮ್ರ ಅಂದಕೂಡ್ಲೇ ನಿಮಗ ತಾಮ್ರದ ಕೊಡಪಾನ ನೆನಪಾತು. ಬಂಗಾರ ಅಂದಿದ್ರ ಬಂಗಾರದ್ದ ಅಂತಿದ್ರಿ!"

ನೋಡಿ ನನ್ನ ಹಣೆಬರಹ! ನಲವತ್ತು ಲಾರಿಯ ಕತೆಗೆ ಚಿಕ್ಕಂದಿನಿಂದ ಚಪ್ಪಾಳೆ ತಟ್ಟಿದವಳು, ಐವತ್ತೆಂಟು ವರ್ಷದಲ್ಲಿ ನಾನಾಡಿದ ಒಂದೇ ಒಂದು ಬೆತ್ತಲೆ ನಿಜವನ್ನು ಒದೆಯುತ್ತಿದ್ದಾಳೆ. ಸಿಟ್ಟು ನೆತ್ತಿಗೇರಿ ಕೂಗಿಬಿಟ್ಟೆ:

"ನಿಮ್ಮತ್ತಿ ಕುಡಿಯೂ ನೀರಿನ ಕೊಡಪಾನವ್ವಾ ಅದು! ಅದರ ಆಣಿ!"

ಒಳಗೆ ರೊಟ್ಟಿಯ ಸಪ್ಪಳ ನಿಂತಿತು. ಸತ್ತೆವ್ವ ಹಿಟ್ಟಿನ ಕೈಯಲ್ಲೇ ಹೊರಬಂದಳು.

"ಏನಂದ್ರಿ? ನನ್ನ ನೀರಿನ ಕೊಡಪಾನದಾಗ ರಕ್ತಾ? ಅದಕ್ಕ ಅವತ್ತ ಅದು ಕನ್ನಡಿ ಆಗಿತ್ತೇನು! ಅರ್ಧಾ ಕಿಲೋ ಹುಣಸಿಹಣ್ಣು ಮಾಯ ಆಗಿತ್ತೇನು! ಬಾಜೂಮನಿ ಉದ್ದವ್ವ ತಿಕ್ಕಿಕೊಟ್ಲು ಅಂತ ಹೇಳಿದ್ರಲ್ರೀ! ಪಾಪ, ಆಕಿಗೆ ನಾ ಹೋಳಿಗಿ ಒಯ್ದು ಕೊಟ್ಟು ಬಂದೆ!"

ಆಮೇಲೆ ನನಗೆ ಬಿದ್ದ ಬೈಗುಳಕ್ಕೆ ಘಟಪ್ರಭೆ ಎರಡು ಮೈಲು ಹಿಂದಕ್ಕೆ ಹರಿಯಿತು. ಅನ್ನಪೂರ್ಣಾ ಮಾತ್ರ ಅತ್ತೆಯ ಮುಖವನ್ನೇ ನೋಡುತ್ತ ನಿಧಾನಕ್ಕೆ ಕೂತಳು. ಹುಳಿಗೆ ತಾಮ್ರ ಬಿಡುತ್ತದೆ, ಸತುವನ್ನು ತಳ್ಳಿ ಅದರ ಜಾಗದಲ್ಲಿ ಕೂರುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಪೆನ್ನು ತೆಗೆದಳು.

"ಎರಡು ತಾಸು ಖರೇನ?"

"ಆರಕ್ಕ ಕ್ಯಾನ್ ಹೋತು, ಎಂಟಕ್ಕ ಬಂತು."

ಮರುದಿನ ಹೊಸ ರಕ್ತ ತಂದೆವು. ಗಾಡಿಯ ಹಿಂದೆ ಅವಳೇ ಸ್ಟೀಲ್ ಕ್ಯಾನ್ ಅಪ್ಪಿಕೊಂಡು ಕೂತಿದ್ದಳು. ಮೂಡಲಗಿಯಿಂದ ಗೋಕಾಕಕ್ಕೆ ಐವತ್ತು ನಿಮಿಷ ಹಿಡಿಯಿತು. ಹೆಣ್ಣುಮಗಳ ಗಡಿಯಾರ ಸುಳ್ಳು ಹೇಳಿದರೆ ನಾನೇನು ಮಾಡಲಿ? ತಿಂಗಳು ಕಳೆದು ಫೋನು ಬಂತು.

"ಮಾವಾ, ಸತು ಓ ಅಂತು!"

ಪ್ರಬಂಧ ಈಗ ನನ್ನ ಕೈಯಲ್ಲಿದೆ. ಇನ್ನೂರು ಪುಟದ ಇಂಗ್ಲಿಷ್ ಪುಸ್ತಕ. ನೂರಾ ನಲವತ್ತಮೂರನೆಯ ಪುಟದಲ್ಲಿ ನನ್ನ ಹೆಸರು: ಮೊದಲ ಮಾದರಿ ಎರಡು ಗಂಟೆ ತಾಮ್ರದ ಪಾತ್ರೆಯಲ್ಲಿತ್ತು, ಮಾಹಿತಿ ಬೀರಸಿದ್ದಪ್ಪ. ಜನ್ಮವಿಡೀ ಇಷ್ಟು ಮಾತಾಡಿದ್ದೇನೆ, ಅಚ್ಚಾದದ್ದು ಇದೊಂದು! ಹೋಗಲಿ ಎಂದು ಚಹಾದಂಗಡಿಯ ಲಖನನ ಮುಂದೆ ಆ ಪುಟ ತೆರೆದಿಟ್ಟು ಅರ್ಥವನ್ನೂ ಹೇಳಿದೆ. ಅವನು ಅತ್ತ ತಿರುಗಿಸಿದ, ಇತ್ತ ತಿರುಗಿಸಿದ, ನಕ್ಕ.

"ಕಾಕಾ, ಲಾರಿ ಕತಿನ ಛಲೋ ಇತ್ತು ಬಿಡ್ರಿ."