ತಾರಸಿ ಮೇಲಿನ ಭತ್ತ

"ಏನ್ರೀ ಇದು, ತಾರಸಿಯೊಳಗೆ ಹೆಂಚು!" ಇಂಜಿನಿಯರು ಕತ್ತೆತ್ತಿ ನೋಡಿ ಹೌಹಾರಿದರು.

"ಅಷ್ಟು ಕಾಂಕ್ರೀಟು ಉಳೀತದೆ ಸಾರ್. ಭಾರಾನೂ ಕಮ್ಮಿ, ಕೆಳಗೆ ತಂಪು," ಎಂದ ನಿಜಾಮುದ್ದೀನ್. ಗಂಜಾಮಿನ ಈ ಮೇಸ್ತ್ರಿ ಬೆಳಗೊಳದ ಅಂಗನವಾಡಿಗೆ ಸುಟ್ಟ ಇಟ್ಟಿಗೆಯನ್ನು ಮುಟ್ಟಿರಲಿಲ್ಲ. ಪಾಯದಿಂದ ತೆಗೆದ ಮಣ್ಣಿಗೆ ಚೂರು ಸಿಮೆಂಟು ಬೆರೆಸಿ, ಯಂತ್ರದಲ್ಲಿ ಒತ್ತಿ, ಆ ಇಟ್ಟಿಗೆಯಲ್ಲೇ ಗೋಡೆ ಎಬ್ಬಿಸಿದ್ದ. ಇಂಥದ್ದು ಅವನಿಗೂ ಮೊದಲನೆಯದು.

"ನಮ್ಮ ರೂಲ್ಸಿನಲ್ಲಿ ಇದಿಲ್ಲ. ಮೇಲೆ ಮರಳಿನ ಮೂಟೆ ಹೇರಿ ನಾಳೆವರೆಗೆ ಬಿಡಿ. ಬಿರುಕು ಬಾರದಿದ್ದರೆ ಸರ್ಟಿಫಿಕೇಟು. ಬಂದರೆ ಒಡೆಯೋದೇ."

ಜೀಪು ಹೋಯಿತು. ಟ್ರಾಕ್ಟರಿನ ಕೆಂಪಣ್ಣ ಮರಳು ತರಲು ಒಪ್ಪಲಿಲ್ಲ. "ಬೀಳೋ ಮನೆಗೆ ನನ್ ಮರಳ್ಯಾಕೆ ಸಾಬ್ರೇ? ಆಮೇಕೆ ನನ್ನಿಂದ್ಲೇ ಬಿತ್ತು ಅಂತಾರೆ." ನಿಜಾಮುದ್ದೀನ್ ತಲೆ ಮೇಲೆ ಕೈಹೊತ್ತು ಜಗಲಿಯಲ್ಲಿ ಕೂತ. ಇನ್ನು ಯಾರೂ ತನ್ನನ್ನು ಕೆಲಸಕ್ಕೆ ಕರೆಯುವುದಿಲ್ಲ ಅನ್ನುವುದಿರಲಿ, ಕಟ್ಟಿದ ಕೈಯಲ್ಲೇ ಒಡೆಯಬೇಕಲ್ಲ ಎಂಬುದೇ ಅವನ ಸಂಕಟ.

ಆಗ ಬಂದಳು ಪಾರ್ವತಮ್ಮ. ಅವಳ ಮೊಮ್ಮಗಳು ಈ ಅಂಗನವಾಡಿಗೇ ಸೇರಬೇಕು. "ನಮ್ ಮಕ್ಳಿಗೆ ಮಾತ್ರ ಮಣ್ಣಿನ ಗೂಡಾ?" ಎಂದು ಪಾಯ ತೆಗೆದಂದಿನಿಂದ ಬೈಯುತ್ತಿದ್ದ ಮುದುಕಿ. ಇವತ್ತೂ ಬೈಯಲೆಂದೇ ಒಳಗೆ ಹೋದಳು. ಹೊರಗೆ ಮೇ ತಿಂಗಳ ರಣಬಿಸಿಲು. ಎಷ್ಟು ಹೊತ್ತಾದರೂ ಬೈಗುಳವೇ ಇಲ್ಲ! ನಿಜಾಮುದ್ದೀನ್ ಇಣುಕಿದರೆ ಮುದುಕಿ ಸೆರಗು ಹಾಸಿ ಗೊರಕೆ ಹೊಡೆಯುತ್ತಿದ್ದಳು.

ಎದ್ದವಳಿಗೆ ನಾಚಿಕೆ. "ತಣ್ಣಗದೆ ಕಣಪ್ಪಾ. ನಮ್ಮನೆ ಶೀಟು ಕಾದು ನಿದ್ದೇನೇ ಇರ್ನಿಲ್ಲ."

"ಏನ್ ಮಾಡೋದು ಅಕ್ಕ, ಗಟ್ಟಿ ಅದೆಯಾ ಅಂತ ನೋಡೋಕೆ ಮೇಲೆ ಹೇರ್ಬೇಕು, ಮರಳಿನ ಮೂಟೆ ಸಿಗ್ಲಿಲ್ಲ. ಒಡೀತಾರೆ."

"ಮೂಟೆ ತಾನೆ? ಬೇಸ್ಗೆ ಭತ್ತ ಅಟ್ಟೀಲಿ ಬಿದ್ದದೆ. ಲೇ ಯಶೋದಾ, ನಿಮ್ಮವೂ ಒತ್ಕಂಡ್ ಬರ್ರಮ್ಮೀ!" ಎಂದು ಬೀದಿಯ ಹೆಂಗಸರತ್ತ ಕೂಗಿದಳು.

ಸಂಜೆಯೊಳಗೆ ಇಡೀ ಬೀದಿಯ ಭತ್ತ ತಾರಸಿ ಏರಿತು. ಮಹಾಶಯ ಕೆಂಪಣ್ಣನೂ ಟ್ರಾಕ್ಟರು ತಂದ. ಅವನ ಹೆಂಡತಿಯೂ ಮೂಟೆ ಕೊಡಲು ಒಪ್ಪಿದ್ದಳು, ಅವನ್ನು ಹೊರುವ ಹೊಣೆ ಅವನದೇ ಆಗಿತ್ತು.

ಮರುದಿನ ಸಂಜೆ ಇಂಜಿನಿಯರು ಬಾಗಿಲಲ್ಲೇ ನಿಂತುಬಿಟ್ಟರು. ಅಷ್ಟೂ ಭಾರದ ಕೆಳಗೆ, ಕೋಣೆಯ ನಟ್ಟನಡುವೆ, ಚಾಪೆ ಹಾಸಿಕೊಂಡು ಪಾರ್ವತಮ್ಮ ಮಲಗಿದ್ದಳು.

"ಯಾರ್ರೀ ಇವರನ್ನ ಒಳಗೆ ಬಿಟ್ಟಿದ್ದು?"

"ಬ್ಯಾಡ ಅಂದೆ ಸಾರ್, ಕೇಳ್ಬೇಕಲ್ಲ!"

ಇಂಜಿನಿಯರು ಮೆಲ್ಲಗೆ ಒಳಗೆ ಹೋಗಿ, ಟಾರ್ಚು ಹಾಕಿ ಒಂದೊಂದು ಹೆಂಚಿನ ಅಂಚನ್ನೂ ನೋಡಿದರು. ಕೂದಲೆಳೆಯ ಬಿರುಕೂ ಇರಲಿಲ್ಲ. ಅಲ್ಲೇ ನಿಂತು ಸಹಿ ಹಾಕಿಕೊಟ್ಟರು. ನಿಜಾಮುದ್ದೀನನಿಗೆ ಕೂಗಿ ಕುಣಿಯುವಷ್ಟು ಸಂತೋಷ. ಮುದುಕಿ ಎದ್ದಾಳೆಂದು ಬಾಯಿ ಮುಚ್ಚಿಕೊಂಡ.

ಹೊರಗೆ ಡ್ರೈವರು ಹಾರನ್ ಹೊಡೆದ. ಇಂಜಿನಿಯರು ಬಾಗಿಲಿಗೆ ಬಂದು ಸುಮ್ಮನಿರೆಂದು ಕೈಮಾಡಿದರು. ಆಮೇಲೆ ಶೂ ಬಿಚ್ಚಿಟ್ಟು ಮತ್ತೆ ಒಳಗೆ ಬಂದು, ಮಣ್ಣಿನ ಗೋಡೆಗೆ ಬೆನ್ನು ಕೊಟ್ಟು ಕೂತರು.