ಯಾವ ಕೈಯಿಂದ ತೆಗೆದ ರಕ್ತ

ಬೆಳಗಿನ ಟ್ರೇಯನ್ನು ಕಿಟಕಿಯಿಂದ ಒಳಕ್ಕೆಳೆದುಕೊಳ್ಳುವಾಗ ಲ್ಯಾಬಿನವನ ಮೂಗು ತಾನಾಗಿಯೇ ಮೇಲೇರುತ್ತಿತ್ತು. ಹದಿನಾಲ್ಕು ವರ್ಷದ ಅಭ್ಯಾಸ. ರಕ್ತದ ಒಂದೊಂದು ನಳಿಕೆಯನ್ನೂ ಬೆಳಕಿಗೆ ಹಿಡಿದು, ಹೊರಗೆ ನಿಂತ ನರ್ಸಿಗೆ ಏನಾದರೊಂದು ಕುಟುಕದೆ ಬಿಟ್ಟವನಲ್ಲ.

"ಇದನ್ನ ರಕ್ತ ತೆಗೆಯೋದು ಅಂತಾರಾ ನರ್ಸಮ್ಮ? ಸೊಳ್ಳೆ ಇದಕ್ಕಿಂತ ನೀಟಾಗಿ ತೆಗೆಯತ್ತೆ."

"ಸೊಳ್ಳೆ ಹೆಸರು ಬರೆದು ಅಂಟಿಸಲ್ವಲ್ಲ ಸಾರ್," ಎಂದು ಅವಳು ಹೊರಟುಹೋಗುತ್ತಿದ್ದಳು.

ವಾರ್ಡಿನಲ್ಲಿ ಅವಳು ರೋಗಿಯ ಬೆರಳು ಚುಚ್ಚಿ, ಅಂಗೈಯಗಲದ ಮೀಟರಿನಲ್ಲಿ ಸಕ್ಕರೆ ನೋಡಿ ಬರೆದಿಡುವುದಂತೂ ಅವನಿಗೆ ದೊಡ್ಡ ತಮಾಷೆ. 'ಅದು ಟೆಸ್ಟಲ್ಲ, ಗೊಂಬೆಯಾಟ' ಎನ್ನುವನು. ಆ ಅಂಕಿಗಳಿಗೆ ತನ್ನ ರಿಜಿಸ್ಟರಿನಲ್ಲಿ ಅವನು ಜಾಗ ಕೊಟ್ಟಿರಲಿಲ್ಲ.

ಅಂಥವನ ಅಕ್ಕನೇ ಅದೇ ವಾರ್ಡಿಗೆ ಬಂದು ಮಲಗಿದಳು. ಮೊದಲೇ ಸಕ್ಕರೆ ಕಾಯಿಲೆ; ಎರಡು ದಿನದ ವಾಂತಿಗೆ ಸಕ್ಕರೆ ಪೂರ್ತಿ ಇಳಿದು ಎಡಗೈಗೆ ಗ್ಲೂಕೋಸ್ ಹತ್ತಿಸಿದ್ದರು. ರಕ್ತ ತೆಗೆಯಲು ನರ್ಸ್ ಬಂದಾಗ ತಮ್ಮ ಅಡ್ಡ ನಿಂತ. "ನಮ್ಮಕ್ಕನ್ನ ನಿಮ್ಮ ಕೈಗೆ ಕೊಡಲ್ಲ. ಆ ಕಡೆ ಹೋಗಿ."

ಅವಳು ಹೋದಳು. ಅವನು ಉಬ್ಬಿ ನಿಂತ ನರ ನೋಡಿ ಒಂದೇ ಚುಚ್ಚಿಗೆ ನಳಿಕೆ ತುಂಬಿಸಿಕೊಂಡು, ಬೀಗುತ್ತಾ ಲ್ಯಾಬಿಗೆ ನಡೆದ. ಮೆಷಿನ್ನು ಐನೂರ ನಲವತ್ತು ಎಂದಿತು. ಅಲ್ಲಿಂದಲೇ ಡಾಕ್ಟರಿಗೆ ಫೋನು ಮಾಡಿದ. ತಕ್ಷಣ ಇನ್ಸುಲಿನ್ ಕೊಡಿ ಎಂದು ಅವರು ವಾರ್ಡಿಗೆ ಫೋನು ಮಾಡಿ ಹೇಳಿದರು.

ವಾರ್ಡಿಗೆ ಓಡಿಬಂದರೆ ನರ್ಸ್ ಇನ್ಸುಲಿನ್ ಮುಟ್ಟಿಯೇ ಇರಲಿಲ್ಲ. ಅಕ್ಕನ ಬಲಗೈ ಬೆರಳು ಹಿಡಿದು ಮೀಟರು ನೋಡುತ್ತಿದ್ದಳು.

"ತೊಂಬತ್ತೆಂಟು ಸಾರ್."

"ಆ ಆಟದ ಸಾಮಾನು ಹಿಡ್ಕೊಂಡು ನನ್ನ ಮೆಷಿನ್ನಿಗೆ ಬುದ್ಧಿ ಹೇಳ್ತೀರಾ? ಅಜ್ಜಿಗೆ ಮೊಮ್ಮಗಳು ಕೆಮ್ಮು ಕಲಿಸಿದ ಹಾಗಾಯ್ತು! ಲ್ಯಾಬಿನ ಕೆಲಸಕ್ಕೆ ನಾನು ಓದಿದೀನಿ. ನೀವು ಹಾಸಿಗೆ ಬಟ್ಟೆ ಬದಲಾಯಿಸಿ ಸಾಕು. ಕೊಡಿ ಇನ್ಸುಲಿನ್!"

"ಕೊಡಲ್ಲ. ತೊಂಬತ್ತೆಂಟು ಇರೋರಿಗೆ ಅಷ್ಟು ಕೊಟ್ರೆ ಇವರು ಮತ್ತೆ ಏಳಲ್ಲ." ಅವಳ ದನಿ ಏರಲಿಲ್ಲ. "ನಿಮ್ಮ ಮೆಷಿನ್ನು ಸುಳ್ಳು ಹೇಳಿಲ್ಲ ಸಾರ್. ಅದಕ್ಕೆ ಮಂಚ ಕಾಣಲ್ಲ, ಅಷ್ಟೇ. ನನಗೆ ಕಾಣತ್ತೆ. ರಕ್ತ ಯಾವ ಕೈಯಿಂದ ತೆಗೆದ್ರಿ?"

ಅಕ್ಕ ನಿಧಾನಕ್ಕೆ ಎಡಗೈ ಎತ್ತಿದಳು. ಗ್ಲೂಕೋಸಿನ ಸೂಜಿಯಿಂದ ಒಂದು ಗೇಣು ಮೇಲೆ, ರಕ್ತ ತೆಗೆದಲ್ಲಿ, ಹತ್ತಿಯ ಉಂಡೆ ಅಂಟಿಕೊಂಡಿತ್ತು.

"ಇದರಿಂದಲೇ ತೆಗೆದ ಕಣಮ್ಮ. ಕುಣಿಯಕ್ಕೆ ಬಾರದವನು ನೆಲ ಡೊಂಕು ಅಂದನಂತೆ," ಎಂದಳು ಸೋತ ದನಿಯಲ್ಲಿ. "ನೀನು ಚಿಕ್ಕಂದಿನಿಂದ ಹಿಂಗೇ ಕಣೋ."

ಅವನು ತಲೆಯೆತ್ತಿ ಬಾಟಲಿ ನೋಡಿದ. ಹನಿ ಹನಿಯಾಗಿ ಇಳಿಯುತ್ತಿತ್ತು. ತಾನು ಅಳೆದು ತಂದದ್ದು ಅಕ್ಕನ ರಕ್ತವನ್ನಲ್ಲ, ಈ ಬಾಟಲಿಯನ್ನು.

ನರ್ಸ್ ಬಲಗೈಯ ಸಣ್ಣ ನರವನ್ನು ಬೆರಳಲ್ಲೇ ಹುಡುಕಿ ರಕ್ತ ತೆಗೆದು, ಮಂಚದ ಪಕ್ಕದಲ್ಲೇ ಹೆಸರು ಬರೆದು ನಳಿಕೆ ಕೊಟ್ಟಳು. ಅಭ್ಯಾಸಬಲದಿಂದ ಅವನು ಅದನ್ನು ಬೆಳಕಿಗೆ ಹಿಡಿದ.

"ಸೊಳ್ಳೆಗಿಂತ ಪರವಾಗಿಲ್ವಾ ಸಾರ್?"

ಅವನು ನಳಿಕೆ ಹಿಡಿದು ಲ್ಯಾಬಿಗೆ ನಡೆದ. ಮೆಷಿನ್ನು ನೂರಾ ಒಂದು ಎಂದಿತು. ಡಾಕ್ಟರಿಗೆ ಮತ್ತೆ ಫೋನು ಮಾಡಿ ತಪ್ಪು ತನ್ನದೆಂದ. ಆಮೇಲೆ ರಿಜಿಸ್ಟರಿನಲ್ಲಿ ಐನೂರ ನಲವತ್ತನ್ನು ಕೆಂಪು ಶಾಯಿಯಲ್ಲಿ ಹೊಡೆದು ಹಾಕಿ ನೂರಾ ಒಂದು ಎಂದು ಬರೆದ. ಕೊನೆಗೆ ಅದರ ಪಕ್ಕದಲ್ಲಿ ವಾರ್ಡಿನ ಮೀಟರು ತೋರಿಸಿದ ತೊಂಬತ್ತೆಂಟನ್ನೂ ಬರೆದ.

ಮರುದಿನ ಬೆಳಿಗ್ಗೆ ಟ್ರೇ ಬರುವವರೆಗೆ ಅವನು ಕಾಯಲಿಲ್ಲ. ತಾನೇ ಟ್ರೇ ಹಿಡಿದು ವಾರ್ಡಿಗೆ ಬಂದು, ಮೊದಲ ಮಂಚದ ಬಳಿ ನಿಂತು ಕೇಳಿದ:

"ಸಿಸ್ಟರ್, ಇವರಿಗೆ ಯಾವ ಕೈ?"