ಮುರಿದ ಕೋಲಿನ ಸಾಲು

ರಾಲಿತ್ಸಾಗೆ ಒಂದು ಹೆಮ್ಮೆಯಿತ್ತು, ಅದೇನು ಸಣ್ಣದಲ್ಲ. ಜಲಶಾಸ್ತ್ರ ಓದುವ ಮೂರು ವರ್ಷದಲ್ಲಿ ಅವಳು ಒಬ್ಬರ ಹಾಳೆಯಿಂದಲೂ ಒಂದಂಕಿ ಕದ್ದವಳಲ್ಲ, ತನ್ನ ಹಾಳೆಯನ್ನು ಒಬ್ಬರಿಗೂ ಕೊಟ್ಟವಳಲ್ಲ. ಪ್ಲೊವ್ಡಿವ್ ಊರಿನ ಹಾಸ್ಟೆಲಿನಲ್ಲಿ ಅದಕ್ಕೆ ಸಿಕ್ಕ ಬಿರುದು ‘ಜಿಪುಣಿ’. ಅನ್ನಲಿ ಬಿಡಿ, ಅಂದವರ ಬಾಯೇ ನೋಯುತ್ತದೆ.

ಮಾರಿತ್ಸಾ ಹೊಳೆಯ ಆಳ ಅಳೆಯುವಾಗ ಅವಳಿಗೆ ಜೋಡಿಯಾದವನು ಗಾಲಿನ್. ಅವನು ಸೊಂಟಮಟ್ಟದ ನೀರಿನಲ್ಲಿ ಅಳತೆಕೋಲು ಹಿಡಿದು ಕೂಗಿದ, ಇವಳು ದಂಡೆಯಲ್ಲಿ ಕೂತು ಬರೆದುಕೊಂಡಳು. ಅಳೆಯುವುದು ಇಬ್ಬರೂ ಸೇರಿ, ಲೆಕ್ಕ ಮತ್ತು ವರದಿ ಒಬ್ಬೊಬ್ಬರೇ. ಹಂಚಿಕೊಂಡು ಬರೆದದ್ದು ಗೊತ್ತಾದರೆ ಇಬ್ಬರೂ ಫೇಲು. ರಾಲಿತ್ಸಾಗಂತೂ ವಿದ್ಯಾರ್ಥಿವೇತನ ಹೋದರೆ ಓದೇ ಮುಗಿದಂತೆ.

ಒಂದು ಮಧ್ಯಾಹ್ನ ಗಾಲಿನ್ ಚೀಸ್ ತುಂಬಿದ ಬಿಸಿ ಬಾನಿತ್ಸಾ ಹಿಡಿದು ಬಂದ.

“ನಿನ್ ಲೆಕ್ಕ ಒಂದ್ಸಲ ತೋರ್ಸೇ ಮಾರಾಯ್ತಿ, ನುಂಗ್ಬಿಡಲ್ಲ.”

“ಬಾನಿತ್ಸಾ ಕೊಡು, ತಿಂತೀನಿ. ಲೆಕ್ಕ ಕೊಡಲ್ಲ. ಎಲ್ಲಿ ತಲೆ ಕೆಟ್ಟಿದೆ ಹೇಳು, ಪುಸ್ತಕ ತೆಗೆದು ಹೇಳ್ಕೊಡ್ತೀನಿ. ಬರೆಯೋದು ನಿನ್ ಕೋಣೇಲಿ, ನೀನೇ.”

“ಕಲ್ಲು ಕಣೇ ನೀನು!”

“ಕೂತ್ಕೊಳೋ ಸುಮ್ನೆ.”

ನೀರಿನ ವೇಗದ ಲೆಕ್ಕವನ್ನು ಒಂದು ಗಂಟೆ ಬಿಡಿಸಿ ಹೇಳಿದಳು. ಅವನು ಗೊಣಗುತ್ತ ಹೋಗಿ ತಾನೇ ಬರೆದ.

ವಾರದ ಮೇಲೆ, ವರದಿ ತಿದ್ದುವ ಸ್ಟೊಯ್ಕೊವಾ ಮೇಡಂ ಇಬ್ಬರನ್ನೂ ಕರೆಸಿದರು.

“ಒಂದೇ ಕೋಲಲ್ಲಿ ಹನ್ನೆರಡು ಜನ ಅಳೆದಿದೀರಿ. ನಿಮ್ಮಿಬ್ರ ವರದೀಲಿ ಮಾತ್ರ ಪ್ರತಿ ಆಳದಿಂದ್ಲೂ ಎರಡು ಸೆಂಟಿಮೀಟರ್ ಕಳೆದಿದೆ. ಏನು, ಇಬ್ರಿಗೂ ಒಂದೇ ಕನಸು ಬಿತ್ತಾ?”

ರಾಲಿತ್ಸಾಗೆ ಮೈಯೆಲ್ಲ ಉರಿದುಹೋಯಿತು. “ಕೋಲಿನ ಬುಡ ಎರಡು ಸೆಂಟಿಮೀಟರ್ ಮುರಿದಿತ್ತು ಮೇಡಂ! ನಾನು ಯಾರದ್ದೂ ನಕಲು ಮಾಡೋಳಲ್ಲ!”

“ಮುರಿದಿರೋದು ನಿಜ, ಹೋಗಿ ನೋಡಿದೆ. ನಿಮ್ಮಿಬ್ರ ಲೆಕ್ಕದ ದಾರಿಯೂ ಬೇರೆಬೇರೆ ಇದೆ.” ಮೇಡಂ ಎರಡೂ ವರದಿಗಳನ್ನು ಪಕ್ಕಪಕ್ಕ ಇಟ್ಟರು. “ಆದ್ರೆ ಇದನ್ನ ಓದು.”

ಗಾಲಿನ್‌ನ ವರದಿಯ ಕೊನೆಯಲ್ಲಿತ್ತು: ‘ವೇಗದ ಲೆಕ್ಕ ಹೇಳಿಕೊಟ್ಟವಳು ರಾಲಿತ್ಸಾ. ಬರೆದವನು ನಾನು.’

ಅವಳದರಲ್ಲಿತ್ತು: ‘ಕೋಲಿನ ಬುಡ ಮುರಿದಿರುವುದನ್ನು ನಾನು ಗಮನಿಸಿದೆ.’

“ದಂಡೇಲಿ ಕೂತು ಗಮನಿಸಿದ್ಯಾ?” ಎಂದರು ಮೇಡಂ.

ಅಂದು ಹೊಳೆಯ ನಡುವಿನಿಂದ ಗಾಲಿನ್ ಕೂಗಿದ್ದು ಈಗ ಕಿವಿಗೆ ಬಡಿಯಿತು: “ಲೇ, ಈ ಕೋಲಿಗೆ ಪಾದವೇ ಇಲ್ಲ, ಎರಡು ಕಳೆದು ಬರ್ಕೋ!” ಬರೆದುಕೊಂಡವಳು ಅದನ್ನು ತನ್ನದೇ ಅಂದುಕೊಂಡುಬಿಟ್ಟಿದ್ದಳು. ಛೀ, ಎಂಥ ನಾಚಿಕೆಗೇಡು!

“ಇಬ್ರೂ ನೋಡಿದ್ವಿ ಮೇಡಂ,” ಗಾಲಿನ್ ಅಡ್ಡಬಂದ.

ಹೌದು ಅಂದರೆ ಮುಗಿದುಹೋಗುತ್ತಿತ್ತು. ಸತ್ಯ ಹೇಳಿದರೆ ವಿದ್ಯಾರ್ಥಿವೇತನದ ಗತಿ ದೇವರೇ ಬಲ್ಲ.

“ಸುಮ್ನಿರೋ. ಮೇಡಂ, ನೋಡಿದ್ದು ಅವನು. ನಾನು ಬರ್ಕೊಂಡೆ ಅಷ್ಟೆ. ಆ ಸಾಲು ಕದ್ದಿದ್ದು.”

ಮೇಡಂ ಪೆನ್ನು ಮುಂದೆ ತಳ್ಳಿದರು. ರಾಲಿತ್ಸಾ ‘ನಾನು’ ಎಂಬುದನ್ನು ಹೊಡೆದುಹಾಕಿ ‘ಗಾಲಿನ್’ ಎಂದು ಬರೆದಳು, ‘ಗಮನಿಸಿದೆ’ಯನ್ನು ‘ಗಮನಿಸಿದ’ ಎಂದು ತಿದ್ದಿದಳು. ಮೇಡಂ ಆರಕ್ಕೆ ಆರು ಇದ್ದ ಅಂಕವನ್ನು ಐದು ಮಾಡಿ ಸಹಿ ಹಾಕಿದರು. ವಿದ್ಯಾರ್ಥಿವೇತನಕ್ಕೆ ಐದು ಸಾಕಿತ್ತು.

ಹೊರಗೆ ಬಂದ ಮೇಲೆ ಗಾಲಿನ್ ಹಲ್ಲು ಕಿರಿದ. “ಒಂದು ಅಂಕ ಕಳ್ಕೊಂಡ್ಯಲ್ಲೇ ಜಿಪುಣಿ!”

“ಅದು ನಂದಾಗಿರ್ಲಿಲ್ಲ ಕಣೋ,” ರಾಲಿತ್ಸಾ ತಲೆಯೆತ್ತಿ ನಡೆದಳು. “ಉಳಿದ ಐದೂ ನಂದೇ.”